ಲಾರಿ ಹತ್ತು

ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದ ಎಲ್ಲ ಕಡೆಯೂ ಆಕೆ ಕೊಂಬಕ್ಕ. ಇಪ್ಪತ್ತೆರಡು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿದವಳು. ಅಚ್ಚುಕೂಟ ಬಾಗಿಲು ಹಾಕಿದ ಮೇಲೆ, ಸಿನಿಮಾ ಕಂಪನಿಯೊಂದರಲ್ಲಿ ಚಿತ್ರಕಥೆಯ ಶುದ್ಧಪ್ರತಿ ಬರೆಯುವ ಕೆಲಸಕ್ಕೆ ಸೇರಿಕೊಂಡಳು. ಸೇರಿದ ಮೊದಲನೆಯ ವಾರವೇ, ನಿರ್ದೇಶಕರು ಗೀಚಿಕೊಟ್ಟ ಹಾಳೆಯನ್ನು ಹಿಡಿದು ಅವರ ಮುಂದೆ ನಿಂತಳು.

“ಸಾರ್, ಇಲ್ಲೊಂದು ಕೊಂಬು ಬಿಟ್ಟುಹೋಗಿದೆ.”

“ಹೋದ್ರೆ ಹೋಗ್ಲಿ ಬಿಡಿ ಅಕ್ಕಾ. ಒಂದು ಕೊಂಬಿನಿಂದ ಏನಾಗುತ್ತೆ?”

“ಏನಿಲ್ಲ ಸಾರ್. ಖಳನಾಯಕ ಗುಂಡು ಹಾರಿಸ್ಬೇಕಾಗಿತ್ತು. ಈಗ ಗಂಡು ಹಾರಿಸ್ತಿದ್ದಾನೆ.”

ಇಡೀ ಕಚೇರಿ ನಕ್ಕಿತು. ಅಂದಿನಿಂದ ಆ ಹೆಸರು ನಿಂತಿತು. ‘ಇವಳಿಗೇನು ಎರಡು ಕೊಂಬಿದೆಯೇ’ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದರು. ಆಕೆ ಅದಕ್ಕೂ ಬೇಸರಪಡಲಿಲ್ಲ. “ಎರಡೇ ಯಾಕೆ, ದಿನಕ್ಕೆ ಇನ್ನೂರು ಕೊಂಬು ನನ್ನ ಕೈಯಿಂದಲೇ ಮೂಡ್ತವೆ” ಎನ್ನುತ್ತಿದ್ದಳು.

ಯಂತ್ರ ಬಂದು ಎಷ್ಟೋ ಕಾಲವಾದ ಮೇಲೂ ಆ ಕಂಪನಿಗೆ ಕೈಬರಹದವರು ಬೇಕಾಗಿದ್ದುದಕ್ಕೆ ಕಾರಣವಿತ್ತು. ಎಲ್ಲರೂ ಯಜಮಾನರೆಂದು ಕರೆಯುತ್ತಿದ್ದ ನಿರ್ಮಾಪಕರಿಗೆ ಕಥೆ ಕಳುವಾಗುತ್ತದೆಂಬ ಭಯ ಹಗಲಿರುಳೂ ಇತ್ತು. ಕಂಪ್ಯೂಟರಿಗೆ ಹಾಕಿದ್ದು ಊರಿಗೆಲ್ಲ ಹಾಕಿದಂತೆ ಎಂದು ಅವರು ನಂಬಿದ್ದರು. ನಾಯಕನಟರ ಕಾರಣ ಬೇರೆ. ಅವರಿಗೆ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಏರಿಸಿದರೆ ವಯಸ್ಸು ಬಯಲಾಗುತ್ತದೆ. ಕೊಂಬಕ್ಕನ ಅಕ್ಷರವೋ ಗೋಲಿಯಂತೆ ದುಂಡಗೆ, ಮಾರುದೂರದಿಂದಲೂ ಓದುವಂತೆ ಇರುತ್ತಿತ್ತು. “ಅಕ್ಕನ ಅಕ್ಷರ ಆದ್ರೆ ಮಾತ್ರ ನನಗೆ ಭಾವ ಬರುತ್ತೆ” ಎಂದು ಅವರು ಹೇಳಿಬಿಟ್ಟಿದ್ದರು. ಭಾವ ಬರುವುದಲ್ಲ, ಸಾಲು ಕಾಣುವುದು ಎಂದು ಎಲ್ಲರಿಗೂ ಗೊತ್ತಿತ್ತು.

ಆಕೆ ಕೂರುತ್ತಿದ್ದುದು ಕಥೆಕೋಣೆಯಲ್ಲಿ. ಹಳೆಯ ಗೋದಾಮಿನ ಮಾಳಿಗೆಯ ಮೇಲೆ ಒಂದು ಮೇಜು, ಮೂರು ಕುರ್ಚಿ, ಗರಗರ ಎನ್ನುವ ಫ್ಯಾನು. ಬಣ್ಣ ಬಳಿದಾಗ ಚೌಕಟ್ಟಿಗೆ ಅಂಟಿಕೊಂಡು ಮತ್ತೆಂದೂ ತೆರೆಯದ ಒಂದು ಕಿಟಕಿ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವರ ಫೋನನ್ನು ಕಾವಲಿನವನು ತೆಗೆದುಕೊಂಡು, ಹೊರಗಿನಿಂದ ಚಿಲಕ ಹಾಕುತ್ತಿದ್ದ. ಏನಾದರೂ ಬೇಕಾದರೆ ಬಾಗಿಲು ಬಡಿಯಬೇಕು. ಸಂಜೆ ಆರಕ್ಕೆ ಬಿಡುಗಡೆ. ಮೊದಲು ಅಲ್ಲಿ ಇಬ್ಬರು ಬರಹಗಾರರಿದ್ದರು. ಹಿರಿಯರು ಐದನೆಯ ಕರಡಿನ ಹೊತ್ತಿಗೆ ಬೆನ್ನುನೋವೆಂದು ಹೋದರು. ಕಿರಿಯವನು ಎಂಟನೆಯ ಕರಡಿನಲ್ಲಿ ನೀರು ಕುಡಿದು ಬರುತ್ತೇನೆಂದು ಹೋದವನು ಇನ್ನೂ ಕುಡಿಯುತ್ತಲೇ ಇದ್ದಾನೆ. ಉಳಿದವಳು ಕೊಂಬಕ್ಕ ಒಬ್ಬಳೇ.

“ಕಥೆ ಕದೀತಾರೆ ಅಂತ ನಮ್ಮನ್ನ ಕೂಡಿ ಹಾಕ್ತಾರಲ್ಲಪ್ಪಾ, ಅದು ಇದ್ರೆ ತಾನೆ ಕದಿಯೋದು?” ಎಂದು ಆಕೆ ಕಾವಲಿನವನನ್ನು ಕೇಳುತ್ತಿದ್ದಳು.

“ನನಗೇನು ಗೊತ್ತಕ್ಕಾ? ನನಗೆ ಚಿಲಕ ಮಾತ್ರ ಗೊತ್ತು.”

ಮೊದಲನೆಯ ಕರಡಿನಲ್ಲಿ ಕಥೆ ಇರಲಿಲ್ಲವೆಂದಲ್ಲ. ಲಾರಿ ಓಡಿಸುವವನೊಬ್ಬ ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಷ್ಟೇ, ಆದರೆ ಅಚ್ಚುಕಟ್ಟಾಗಿತ್ತು. ಮೂರನೆಯ ಕರಡಿನಲ್ಲಿ ಅವನು ಪೊಲೀಸನಾದ. ಆರನೆಯದರಲ್ಲಿ ಅವನಿಗೊಬ್ಬ ಅವಳಿ ಹುಟ್ಟಿ, ಏಳನೆಯದರಲ್ಲಿ ಸತ್ತ. ಒಂಬತ್ತನೆಯದರಲ್ಲಿ, ತಂಗಿಯ ಪಾತ್ರದವಳಿಗೆ ಪುರುಸೊತ್ತಿಲ್ಲವೆಂದು ತಂಗಿಯನ್ನೇ ತೆಗೆದುಹಾಕಿದರು. ಅಷ್ಟು ಹೊತ್ತಿಗೆ ಚಿತ್ರೀಕರಣ ಶುರುವಾಗಿತ್ತು. ನಾಳೆ ತೆಗೆಯುವುದನ್ನು ಇಂದು ಬರೆಯುವ ಸ್ಥಿತಿ. ಹನ್ನೊಂದನೆಯ ಕರಡಿಗೆ ಬಂದಾಗ ಮೊದಲಿನ ಕಥೆಯಲ್ಲಿ ಉಳಿದಿದ್ದುದು ಒಂದು ಲಾರಿ, ಒಂದು ಮಾತು. ಬೆಂಕಿ ಬಿದ್ದ ಕಟ್ಟಡದಿಂದ ಹುಡುಗಿಯೊಬ್ಬಳನ್ನು ಹೊರಗೆ ತಂದ ನಾಯಕ ಅವಳಿಗೆ ಹೇಳುವ ಮಾತು: ‘ಲಾರಿ ಹತ್ತು. ಬೇಗ.’

ಆ ಮಾತನ್ನು ಶುದ್ಧಪ್ರತಿ ಮಾಡಿದ ದಿನ ಕೊಂಬಕ್ಕ ತನ್ನ ನಿಯಮವೊಂದನ್ನು ಮುರಿದಳು. ಅಚ್ಚುಕೂಟದ ಹಿರಿಯ ಮೇಸ್ತ್ರಿ ಕಲಿಸಿದ್ದ ನಿಯಮ ಅದು: ಮಾತಾಡುವವನ ಹೆಸರು ಪುಟದ ಕೊನೆಯಲ್ಲಿ ಉಳಿದು, ಅವನ ಮಾತು ಮುಂದಿನ ಪುಟಕ್ಕೆ ಹೋಗಬಾರದು. “ತಲೆ ಒಂದು ಕಡೆ, ಮುಂಡ ಒಂದು ಕಡೆ ಆದ್ರೆ ಹೆಣ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ?” ಎನ್ನುತ್ತಿದ್ದರು ಆತ. ಅಂದು ನಿರ್ದೇಶಕರು ನೆತ್ತಿಯ ಮೇಲೆ ನಿಂತು “ಬೇಗ ಅಕ್ಕಾ, ಜೆರಾಕ್ಸ್‌ನವನು ಕಾಯ್ತಿದ್ದಾನೆ” ಎಂದು ಒಂದೇ ಸಮನೆ ಅವಸರ ಮಾಡುತ್ತಿದ್ದರು. ನಲವತ್ತೊಂದನೆಯ ಪುಟದ ಕೊನೆಯ ಸಾಲಿನಲ್ಲಿ ‘ನಾಯಕ:’ ಎಂದು ಉಳಿಯಿತು. ನಲವತ್ತೆರಡನೆಯದು ‘ಲಾರಿ ಹತ್ತು. ಬೇಗ.’ ಎಂದು ಆರಂಭವಾಯಿತು.

ಪೂರ್ತಿ ಚಿತ್ರಕಥೆಯನ್ನು ಯಾರಿಗೂ ಕೊಡಬಾರದೆಂಬುದು ಯಜಮಾನರ ಇನ್ನೊಂದು ಕಟ್ಟಳೆ. ಯಾರಿಗೆ ಯಾವ ಪುಟದ ಕೆಲಸವೋ ಅವರಿಗೆ ಆ ಪುಟ ಮಾತ್ರ. ವಾಹನಗಳನ್ನು ಗೊತ್ತುಮಾಡುವ ಮ್ಯಾನೇಜರಿಗೆ ನಲವತ್ತೆರಡನೆಯ ಪುಟ ಹೋಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಗೋದಾಮಿನ ಮುಂದಿನ ಬಯಲಿಗೆ ಲಾರಿಗಳು ಬಂದವು. ಕೊಂಬಕ್ಕ ಕಿಟಕಿಯ ಗಾಜಿಗೆ ಹಣೆ ತಾಗಿಸಿ ನೋಡಿದಳು. ಒಂದು ಬಂತು, ಸರಿ. ಇನ್ನೊಂದು ಬಂತು. ಧೂಳೆಬ್ಬಿಸಿಕೊಂಡು ಮತ್ತೆರಡು ಬಂದವು. ಎಣಿಸಿ ಮುಗಿಸಿದಾಗ ಹತ್ತು ಆಗಿದ್ದವು. ಕೆಳಗಿನ ಮಾತು ಗಾಜು ದಾಟಿ ಕೇಳಿಸುತ್ತಿತ್ತು.

“ಏನ್ರೀ ಇದು, ಮೆರವಣಿಗೆ ಹೊರಡಿಸಿದ್ದೀರಾ?” ಎಂದು ನಿರ್ದೇಶಕರು ಕೂಗಿದರು.

“ನೀವೇ ಹೇಳಿದ್ದಲ್ವಾ ಸಾರ್? ಪುಟದಲ್ಲೇ ಇದೆ ನೋಡಿ, ‘ಲಾರಿ ಹತ್ತು, ಬೇಗ.’ ಬೇಗ ಅಂದ್ರೆ ಬೇಗ ತಂದಿದ್ದೀನಿ!” ಎಂದ ಮ್ಯಾನೇಜರ್, ಎದೆಯುಬ್ಬಿಸಿ.

ಕೊಂಬಕ್ಕ ಕಪಾಟಿನಿಂದ ಮೂಲಪ್ರತಿ ತೆಗೆದು ನೋಡಿದಳು. ಕರ್ತೃವಿಲ್ಲದ ಆ ಸಾಲು ತನ್ನದೇ ದುಂಡಕ್ಷರದಲ್ಲಿ ಪುಟದ ನೆತ್ತಿಯ ಮೇಲೆ ಕುಳಿತಿತ್ತು. ಕ್ರಿಯಾಪದವಾಗಬೇಕಾದ ‘ಹತ್ತು’ ಸಂಖ್ಯೆಯಾಗಿತ್ತು.

ತಪ್ಪು ಅಲ್ಲಿಗೇ ನಿಂತಿದ್ದರೆ ಒಂದು ದಿನದ ನಗೆಯಾಗಿ ಮುಗಿಯುತ್ತಿತ್ತು. ಆದರೆ ಯಜಮಾನರು ಬಂದು, ಲಾರಿಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, “ಬಂದಿರೋದು ಬಂದಿದೆ. ವಾಪಸ್ ಕಳಿಸಿದ್ರೆ ಆಚೆಯವರು ನಗ್ತಾರೆ. ಇವಕ್ಕೆ ತಕ್ಕ ಹಾಗೆ ಕಥೆ ಮಾಡಿ” ಎಂದರು. ಸಾಹಸದ ದೃಶ್ಯಗಳನ್ನು ನೋಡಿಕೊಳ್ಳುವ ಮಾಸ್ತರರು ಕೂಡಲೇ ತೊಡೆ ತಟ್ಟಿದರು: “ಹತ್ತನ್ನೂ ಅಕ್ಕಪಕ್ಕ ನಿಲ್ಲಿಸೋಣ. ಈ ಕಡೆಯಿಂದ ಆ ಕಡೆಗೆ ಹೀರೋ ಬೈಕ್ ಹಾರಿಸ್ತಾನೆ!” ಬಯಲೆಲ್ಲ ಚಪ್ಪಾಳೆಯಾಯಿತು.

ಹೀರೋ ಹಾರುತ್ತಾನೆ ಎಂದರೆ ಹಾರುವವನು ಯಾರೆಂದು ಕೊಂಬಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಕೆಯ ತಮ್ಮ. ಹದಿನಾಲ್ಕು ವರ್ಷದಿಂದ ಆ ನಾಯಕನಟರ ಡ್ಯೂಪ್ ಅವನೇ. ಹಿಂದಿನಿಂದ ನೋಡಿದರೆ ಅವರಿಬ್ಬರಲ್ಲಿ ಯಾರು ಯಾರೆಂದು ತಿಳಿಯದು. ಅಕ್ಕನಿಗೆ ಈ ಕೆಲಸ ಕೊಡಿಸಿದವನೂ ಅವನೇ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಹನ್ನೆರಡು ವರ್ಷದ ಅಕ್ಕನೇ ಅವನಿಗೆ ತಾಯಿಯಾದಳು. ಗೋಡೆ, ಮರ, ಮಾಳಿಗೆ, ಕಂಡಲ್ಲೆಲ್ಲ ಏರಿ ಧುಮುಕುತ್ತಿದ್ದವನನ್ನು ‘ಹಾರಬೇಡವೋ’ ಎಂದು ಕೂಗಿ ಕೂಗಿ ಆಕೆಯ ಗಂಟಲು ಹರಿದಿತ್ತು. ಈಗ ಅವನಿಗೆ ನಲವತ್ತಾರು. ಬಲಮೊಣಕಾಲಿನಲ್ಲಿ ಎರಡು ತಿರುಪು ಮೊಳೆಗಳಿವೆ.

ಕೊಂಬಕ್ಕ ಬಾಗಿಲು ಬಡಿದಳು. ಕೆಳಗಿಳಿದು ನೇರವಾಗಿ ಯಜಮಾನರ ಕೋಣೆಗೆ ಹೋದಳು. ನಿರ್ದೇಶಕರೂ ಅಲ್ಲೇ ಇದ್ದರು. ಮೂಲಪ್ರತಿಯ ಎರಡು ಪುಟಗಳನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಇಟ್ಟಳು.

“ಇದು ನನ್ನ ತಪ್ಪು. ಹತ್ತು ಲಾರಿ ಅಲ್ಲ, ಲಾರಿಯನ್ನು ಹತ್ತು ಅಂತ. ನನ್ನನ್ನ ಕೆಲಸದಿಂದ ತೆಗೀರಿ. ಆ ಲಾರಿಗಳನ್ನ ಕಳಿಸಿಬಿಡಿ.”

ನಿರ್ದೇಶಕರು ಎರಡು ಪುಟಗಳನ್ನೂ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಕ್ಕಾ, ಎರಡು ವರ್ಷ ಹನ್ನೊಂದು ಕರಡು ಬರೆದ್ವಿ. ಈ ಸಿನಿಮಾದಲ್ಲಿ ಜನ ಸೀಟಿ ಹೊಡೆಯೋಂಥದ್ದು ಒಂದಾದ್ರೂ ಇದ್ರೆ ಅದು ನಿಮ್ಮ ತಪ್ಪು! ತೆಗೀತೀವಾ ನಿಮ್ಮನ್ನ?”

ಯಜಮಾನರು ನಗಲಿಲ್ಲ. ಎರಡು ಪುಟಗಳನ್ನೂ ಮಡಿಚಿ ಜೇಬಿಗೆ ಹಾಕಿಕೊಂಡರು. “ಇದು ಈ ಕೋಣೆಯಲ್ಲೇ ಸಾಯಬೇಕು. ತಪ್ಪಿನಿಂದ ಕಥೆ ಹುಟ್ಟಿತು ಅಂತ ಆಚೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ. ಹೋಗಿ ಅಮ್ಮಾ, ಹಾರೋ ದೃಶ್ಯ ಚೆನ್ನಾಗಿ ಬರೀರಿ. ಗುರುವಾರ ಹೀರೋ ಬಂದು ಓದ್ತಾರೆ.”

ಆಕೆ ಮತ್ತೆ ಮೆಟ್ಟಿಲು ಹತ್ತಿದಳು. ಹಿಂದೆ ಚಿಲಕ ಬಿತ್ತು. ತಪ್ಪು ಮಾಡಿದವರನ್ನು ಹೊರಗೆ ಹಾಕುತ್ತಾರೆಂದು ಕೇಳಿದ್ದಳು. ಒಳಗೆ ಹಾಕುತ್ತಾರೆಂದು ತಿಳಿದದ್ದು ಅಂದೇ.

ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮ ತಾನಾಗಿಯೇ ಮೇಲೆ ಬಂದ. ಮುಖ ಅರಳಿತ್ತು.

“ಅಕ್ಕಾ, ಕೇಳಿದೆಯಾ? ಹತ್ತು!”

“ಕೇಳಿದೆ. ನೀನು ಹಾರೋದು ಬೇಡ ಕಣೋ.”

“ಆರು ಹಾರಿದ್ದೀನಿ. ಇನ್ನು ನಾಲ್ಕು ಏನು ಮಹಾ?”

“ಆರು ಹಾರಿದಾಗ ನಿನಗೆ ಮೂವತ್ತೈದು. ಮೊಣಕಾಲಲ್ಲಿ ಮೊಳೆ ಇರ್ಲಿಲ್ಲ.”

“ಮೊಳೆ ಇದ್ರೆ ಗಟ್ಟಿ ಅಲ್ವಾ?” ಎಂದು ನಕ್ಕು, ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ದನಿ ತಗ್ಗಿಸಿದ. “ಅಕ್ಕಾ, ಮಾಸ್ತರು ಮಾತು ಕೊಟ್ಟಿದ್ದಾರೆ. ಇದೊಂದು ಹಾರಿದ್ರೆ ಮುಂದಿನ ಸಿನಿಮಾದಿಂದ ನಾನು ಅವರ ಅಸಿಸ್ಟೆಂಟು. ಹಾರೋ ಹಾಗೇ ಇಲ್ಲ. ಕುರ್ಚಿ ಹಾಕ್ಕೊಂಡು ಕೂತು ಬೇರೆಯವರನ್ನ ಹಾರಿಸೋದು. ಗೊತ್ತಾಯ್ತಾ? ಇದೇ ಕೊನೇದು.”

“ಕೊನೇದು ಅಂತ ಬಾಯಲ್ಲಿ ಆಡಬೇಡ.”

“ಸರಿ, ಆಡಲ್ಲ. ನೀನು ಮಾತ್ರ ಏನೂ ಮಾಡ್ಬೇಡ. ನಿನ್ನ ದಮ್ಮಯ್ಯ. ಹದಿನಾಲ್ಕು ವರ್ಷದಲ್ಲಿ ಬಾಗಿಲು ಅಂತ ತೆಗೆದಿರೋದು ಇದೊಂದೇ.”

ಅವನು ಹೋದ ಮೇಲೆ ಕೊಂಬಕ್ಕ ಬಹಳ ಹೊತ್ತು ಲೇಖನಿ ಮುಟ್ಟಲಿಲ್ಲ. ಅತ್ತ ದರಿ, ಇತ್ತ ಪುಲಿ. ಹಾರಿದರೆ ಅವನು ಉಳಿಯುತ್ತಾನೋ ಇಲ್ಲವೋ; ಹಾರದಿದ್ದರೆ ಅವನ ಬಾಗಿಲು ಮುಚ್ಚುತ್ತದೆ. ತಾನೇ ಕೆಲಸ ಬಿಟ್ಟು ಹೋಗಬಹುದು. ಆದರೆ ಅವನ ಹಾರಾಟವನ್ನು ಬರೆಯಲು ಬೇರೊಬ್ಬರು ಬರುತ್ತಾರೆ, ಅಷ್ಟೆ. ಕೊನೆಗೆ ಆಕೆ ಬರೆದಳು: ‘ನಾಯಕ ಹತ್ತು ಲಾರಿಗಳನ್ನು ದಾಟಿ ಹಾರುತ್ತಾನೆ.’ ವ್ಯಾಕರಣದಲ್ಲಿ ತಪ್ಪೇನಿಲ್ಲ. ಕರ್ತೃ, ಕರ್ಮ, ಕ್ರಿಯೆ ಎಲ್ಲ ಇವೆ. ಕರ್ತೃ ನಾಯಕ, ಹಾರುವವನು ಮಾತ್ರ ತನ್ನ ತಮ್ಮ. ಜೀವಮಾನವೆಲ್ಲ ಶುದ್ಧವಾಕ್ಯಕ್ಕಾಗಿ ಹೆಣಗಿದವಳು, ಶುದ್ಧವಾಗಿದ್ದೂ ಸುಳ್ಳಾದ ವಾಕ್ಯವೊಂದನ್ನು ತನ್ನ ಕೈಯಿಂದಲೇ ಬರೆದಿದ್ದಳು.

ಮರುದಿನ ಬೆಳಿಗ್ಗೆ ಮಾಸ್ತರರು ಮೇಲೆ ಬಂದು ವಿವರಗಳನ್ನು ಹೇಳಿ ಬರೆಸಿದರು: ಎಷ್ಟು ದೂರದ ಓಟ, ಎಷ್ಟೆತ್ತರದ ಇಳಿಜಾರು ಹಲಗೆ, ಆ ಬದಿಯಲ್ಲಿ ಎಷ್ಟು ಖಾಲಿ ಪೆಟ್ಟಿಗೆಗಳು. “ಹೆಲ್ಮೆಟ್ ಅಂತೂ ಇರಲೇಬೇಕು, ಮುಖ ಪೂರ್ತಿ ಮುಚ್ಚೋದು” ಎಂದರು, ಹೋಗುತ್ತ ಹೋಗುತ್ತ. ಅದನ್ನು ಬರೆಯಿರಿ ಎಂದು ಹೇಳಲಿಲ್ಲ. ಬರೆಯಬೇಡಿ ಎಂದೂ ಹೇಳಲಿಲ್ಲ. ಕೊಂಬಕ್ಕ ಬೇರೊಂದು ಸಾಲಿನಲ್ಲಿ, ಉಳಿದ ಅಕ್ಷರಗಳಿಗಿಂತ ತುಸು ದಪ್ಪಗೆ ಬರೆದಳು: ‘ಹಾರುವಷ್ಟು ಹೊತ್ತೂ ಹೆಲ್ಮೆಟ್ ಇರುತ್ತದೆ. ನಾಯಕನ ಮುಖ ಕಾಣುವುದಿಲ್ಲ.’ ತಾನು ಏನು ಮಾಡುತ್ತಿದ್ದೇನೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ನಾಯಕನಟರು ಬಂದರು. ಕುರ್ಚಿಗೆ ಒರಗಿ, ಕೈಯನ್ನು ಆದಷ್ಟು ದೂರ ಚಾಚಿ ಹಾಳೆ ಹಿಡಿದು, ಗಟ್ಟಿಯಾಗಿ ಓದತೊಡಗಿದರು. ಲಾರಿಗಳು ಬಂದಾಗ ತಲೆದೂಗಿದರು. ಇಳಿಜಾರು ಹಲಗೆ ಬಂದಾಗ “ಭೇಷ್” ಎಂದರು. ಆಮೇಲೆ ನಿಂತರು.

“‘ನಾಯಕನ ಮುಖ ಕಾಣುವುದಿಲ್ಲ.’ ಏನ್ರೀ ಇದು?”

ನಿರ್ದೇಶಕರು ಮುಂದೆ ಬಾಗಿದರು. “ಅದು ಸಾರ್... ಒಂದೇ ಒಂದು ಶಾಟು. ಇಳಿದ ಮೇಲೆ ನಿಮ್ಮ ಮುಖ...”

“ಪೋಸ್ಟರ್‌ನಲ್ಲಿ ಯಾವುದು ಹಾಕ್ತೀರಿ?”

“ಹಾರೋದು ಸಾರ್.”

“ಅಂದ್ರೆ ಊರ ತುಂಬಾ ಹೆಲ್ಮೆಟ್ಟು. ಹೆಲ್ಮೆಟ್ ನೋಡೋಕೆ ಜನ ಥಿಯೇಟರಿಗೆ ಯಾಕ್ರೀ ಬರ್ತಾರೆ? ಅಂಗಡೀಲೇ ನೋಡ್ಕೋತಾರೆ!” ಹಾಳೆಯನ್ನು ಮೇಜಿಗೆ ಎಸೆದು ಅವರು ಕೊಂಬಕ್ಕನ ಕಡೆ ತಿರುಗಿದರು. “ಅಕ್ಕಾ, ಈ ಸಾಲು ಯಾರದು?”

ನಿರ್ದೇಶಕರು ಆಕೆಯನ್ನು ನುಂಗುವಂತೆ ನೋಡಿದರು.

“ನಾನೇ ಬರೆದೆ ಸಾರ್. ಇದ್ದದ್ದನ್ನ ಇದ್ದ ಹಾಗೆ.”

“ನೋಡಿ, ನನ್ನ ಮುಖದ ಚಿಂತೆ ಈ ಕಂಪನೀಲಿ ಒಬ್ಬರಿಗಾದ್ರೂ ಇದೆ!” ಎಂದರು ನಾಯಕನಟರು. ಎದ್ದು ಕಿಟಕಿಯ ಬಳಿಗೆ ಹೋಗಿ ಕೆಳಗಿನ ಲಾರಿಗಳನ್ನು ನೋಡುತ್ತ ನಿಂತರು. “ಹಾರೋದೆಲ್ಲ ಬೇಡ. ಹತ್ತೂ ಲಾರಿ ದೀಪ ಹಾಕ್ಕೊಂಡು ನಿಂತಿರ್ಲಿ. ಮಧ್ಯದಿಂದ ನಾನು ನಡ್ಕೊಂಡು ಬರ್ತೀನಿ. ನಿಧಾನವಾಗಿ. ಗಾಳಿ ಬರ್ಲಿ, ಕೂದಲು ಹಾರ್ಲಿ. ಅಷ್ಟು ಹಾರಿದ್ರೆ ಸಾಕು.”

ಹಾಗೆ ಹನ್ನೆರಡನೆಯ ಕರಡು ಹುಟ್ಟಿತು. ಎರಡು ದಿನವಾದ ಮೇಲೆ ಆ ನಡಿಗೆಯನ್ನು ಚಿತ್ರೀಕರಿಸಿದರು. ಕೊಂಬಕ್ಕ ಕಿಟಕಿಯಿಂದಲೇ ನೋಡಿದಳು. ಎರಡು ಸಾಲಾಗಿ ನಿಂತ ಲಾರಿಗಳ ನಡುವೆ ನಾಯಕನಟರು ಏಳು ಸಲ ನಡೆದರು. ಏಳು ಸಲವೂ ದೊಡ್ಡ ಫ್ಯಾನು ಅವರ ಕೂದಲನ್ನು ಹಾರಿಸಿತು. ತಮ್ಮನಿಗೆ ಕೊಟ್ಟಿದ್ದ ಕೆಲಸ ಹತ್ತನೆಯ ಲಾರಿಯಲ್ಲಿ ಕುಳಿತು, ಕೈ ಸನ್ನೆಯಾದಾಗ ಹಾರ್ನ್ ಒತ್ತುವುದು. ಮಾಸ್ತರರು ಬೇರೊಂದು ಚಿತ್ರದ ಕೆಲಸವೆಂದು ಆ ಬೆಳಿಗ್ಗೆಯೇ ಹೋಗಿಬಿಟ್ಟಿದ್ದರು. ಅಸಿಸ್ಟೆಂಟಿನ ಮಾತು ಅವರೊಂದಿಗೇ ಹೋಗಿತ್ತು.

ಊಟದ ಬಿಡುವಿನಲ್ಲಿ ತಮ್ಮ ಮೇಲೆ ಬಂದ. ಬಾಗಿಲಲ್ಲೇ ನಿಂತ.

“ಅಕ್ಕಾ, ಮುಖ ಕಾಣಲ್ಲ ಅನ್ನೋ ಸಾಲು ನಿನ್ನದಾ?”

“ಹೂಂ.”

“ಬೇಕೂ ಅಂತ್ಲೇ ಬರೆದೆಯಾ?”

ಸುಳ್ಳು ಹೇಳಲು ಆಕೆಗೆ ಜಾಗವಿತ್ತು. ಮಾಸ್ತರರ ಮಾತನ್ನೇ ಬರೆದೆ ಎಂದಿದ್ದರೆ ಸಾಕಾಗಿತ್ತು.

“ಬೇಕೂ ಅಂತ್ಲೇ ಬರೆದೆ ಕಣೋ.”

ಅವನು ಒಳಗೆ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ, ಗೋಡೆಗೊರಗಿ ಕುಳಿತ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿಕೊಂಡ. ಅಷ್ಟು ಮಾಡುವುದಕ್ಕೇ ಅವನು ಹಲ್ಲು ಕಚ್ಚಬೇಕಾಯಿತು.

“ದೊಡ್ಡದೊಂದು ಹಾರಿ ಮುಗಿಸಿಬಿಡೋಣ ಅಂತಿದ್ದೆ. ಈಗ ಚಿಕ್ಕಚಿಕ್ಕದ್ದು ಹಾರ್ತಾ ಇರಬೇಕು, ಎಷ್ಟು ವರ್ಷವೋ. ಇದನ್ನ ಯೋಚನೆ ಮಾಡಿದೆಯಾ ನೀನು?”

“ಮಾಡಿದೆ.”

“ಮಾಡಿಯೂ ಬರೆದೆ.”

“ಬರೆದೆ.”

ಫ್ಯಾನು ಗರಗರ ಎನ್ನುತ್ತಿತ್ತು. ಕೆಳಗಿನಿಂದ ನಿರ್ದೇಶಕರ ದನಿ ಬಂತು: “ಅಕ್ಕಾ! ನಡೆಯೋದಾದ ಮೇಲೆ ಏನಾದ್ರೂ ಒಂದು ಧುಮುಕೋದು ಬೇಕು ಅಂತಿದ್ದಾರೆ ಯಜಮಾನರು. ಮೂರನೇ ಮಹಡಿಯಿಂದ ಅಂತ ಇಟ್ಕೊಳ್ಳಿ. ಹಿಂದಿನಿಂದ ತೆಗೀತೀವಿ, ಮುಖದ ತಂಟೆ ಇಲ್ಲ. ನಾಳೇನೇ ಬೇಕು!”

ಕೊಂಬಕ್ಕ ಹೊಸ ಹಾಳೆ ಎಳೆದುಕೊಂಡಳು. ತಮ್ಮ ಏಳಲಿಲ್ಲ.

“ಊಟಕ್ಕೆ ಹೋಗಲ್ವೇನೋ?”

“ಕೆಳಗೆ ಹೋದ್ರೆ ಎಲ್ಲಾ ಮುಖ ನೋಡ್ತಾರೆ. ಇಲ್ಲೇ ಇರ್ತೀನಿ ಸ್ವಲ್ಪ. ನೀನು ಬರಿ.”

ಆಕೆ ದೃಶ್ಯದ ಸಂಖ್ಯೆ ಹಾಕಿದಳು, ಸ್ಥಳ ಬರೆದಳು, ‘ನಾಯಕ’ ಎಂದು ಬರೆದಳು. ಅಲ್ಲಿಗೆ ಲೇಖನಿ ನಿಂತಿತು.

“ಮೊದಲನೇ ಮಹಡಿಯಿಂದ ಅಂತ ಬರೀತೀನಿ.”

“ಮೂರು ಅಂದ್ರಲ್ಲ ಅವರು.”

“ಅವರು ಅಂದ್ರು. ಅವರ ಕೈಗೆ ಹೋಗೋದು ನಾನು ಬರೆದದ್ದು.”

ತಮ್ಮ ಮೊಣಕಾಲನ್ನು ನೀವಿಕೊಳ್ಳುತ್ತ ಯೋಚಿಸಿದ. ಯೋಚಿಸುತ್ತಿದ್ದುದು ಮಹಡಿಯನ್ನೋ, ಮುಂದಿನ ವರ್ಷಗಳನ್ನೋ ಆಕೆಗೆ ತಿಳಿಯಲಿಲ್ಲ.

“ಮೊದಲನೇದು ಅಂದ್ರೆ ಹುಡುಗರು ನಗ್ತಾರೆ ಅಕ್ಕಾ. ಎರಡು ಮಾಡು.”

“ಆಗುತ್ತಾ?”

“ಎರಡು ಆಗುತ್ತೆ.”

ಕೊಂಬಕ್ಕ ‘ಎರಡನೆಯ’ ಎಂದು ಅಕ್ಷರದಲ್ಲೇ ಬರೆದಳು, ತಿದ್ದಲು ಸುಲಭವಾದ ಅಂಕಿಯಲ್ಲಿ ಬರೆಯಲಿಲ್ಲ. ಬರೆದದ್ದನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದಳು. ಅವನು ಓದಿ, ತಲೆಯಾಡಿಸಿದ.